ಅನಾಹುತಕ್ಕೆ ಮುಂಚೆಯೇ ನೆರವಿನ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯನ್ನು ಪರಿಹಾರ ಕಾರ್ಯ ನೋಡಿಯೇ ಕಟ್ಟಿದರೇನೋ ಅನ್ನಿಸುತ್ತದೆ. ಮೊದಲು ನೀರು ನುಗ್ಗಬೇಕು, ಟಿವಿಯಲ್ಲಿ ಬರಬೇಕು. ಆಮೇಲೆ ಸಮೀಕ್ಷೆ, ಆಮೇಲೆ ಮನವಿ, ಎಲ್ಲಕ್ಕಿಂತ ಕೊನೆಗೆ ಹಣ. ಈ ಕ್ರಮವನ್ನು ತಿರುಗಿಸಿ, ಅನಾಹುತ ಬರುವ ಮುಂಚೆಯೇ ಯಾರಿಗೆ ಏನು ಬೇಕಾದೀತು ಎಂದು ಅಂದಾಜು ಮಾಡಿ ಕೊಟ್ಟುಬಿಡುವ ಕೆಲಸ ಕಳೆದ ಹತ್ತು ವರ್ಷಗಳಲ್ಲಿ ಬೆಳೆದಿದೆ. ಅದರ ಬಗ್ಗೆ ಸಾಮಾನ್ಯವಾಗಿ ಬರುವ ಪ್ರಶ್ನೆಗಳು ಇಲ್ಲಿವೆ.

ಹವಾಮಾನ ಮುನ್ಸೂಚನೆ ಹೇಗೂ ಇದೆಯಲ್ಲ, ಇದರಲ್ಲಿ ಹೊಸದೇನು?

ಹವಾಮಾನ ಇಲಾಖೆ ಹೇಳುವುದು ಎಷ್ಟು ಮಳೆ, ಎಷ್ಟು ಗಾಳಿ ಎಂದು. ನೆರವು ಕೊಡುವವರಿಗೆ ಬೇಕಾದದ್ದು ಎಷ್ಟು ಮನೆ, ಎಷ್ಟು ಬಾಣಂತಿಯರು, ಎಷ್ಟು ದನಕರು, ಎಷ್ಟು ದಿನದ ಊಟ ಎಂಬ ಲೆಕ್ಕ. 200 ಮಿಲಿಮೀಟರ್ ಮಳೆ ಒಂದು ಕಡೆ ಚರಂಡಿ ಸೇರಿ ಹೋಗುತ್ತದೆ, ಇನ್ನೊಂದು ಕಡೆ ಗುಡ್ಡವನ್ನೇ ಕೆಳಗಿಳಿಸುತ್ತದೆ. ಮಳೆಯ ಅಂದಾಜಿನ ಮೇಲೆ ಅಲ್ಲಿ ಯಾರು ವಾಸವಾಗಿದ್ದಾರೆ ಎಂಬುದನ್ನೂ, ಅವರಿಗೆ ತಡೆದುಕೊಳ್ಳುವ ಶಕ್ತಿ ಎಷ್ಟಿದೆ ಎಂಬುದನ್ನೂ ಹೇರಿ ನೋಡಿದರೆ ಮಾತ್ರ ಅಗತ್ಯದ ಅಂದಾಜು ಸಿಗುತ್ತದೆ.

ಬಂಗಾಳ ಕೊಲ್ಲಿಯ ಕಥೆ ನೋಡಿ. 1970ರ ನವೆಂಬರ್‌ನ ಭೋಲಾ ಚಂಡಮಾರುತದಲ್ಲಿ ಇಂದಿನ ಬಾಂಗ್ಲಾದೇಶದ ಕರಾವಳಿಯಲ್ಲಿ ಕಡಿಮೆಯೆಂದರೂ 3 ಲಕ್ಷ ಜನ ಸತ್ತರು. 2020ರ ಮೇ ತಿಂಗಳಲ್ಲಿ ಅಂಫಾನ್ ಬಂದಾಗ ಅದೇ ದೇಶ 20 ಲಕ್ಷಕ್ಕೂ ಹೆಚ್ಚು ಜನರನ್ನು ಮುಂಚಿತವಾಗಿ ಸಾಗಿಸಿತ್ತು. ಅಲ್ಲಿ ಸತ್ತವರ ಸಂಖ್ಯೆ ಮೂರಂಕಿ ಮುಟ್ಟಲಿಲ್ಲ. ಎರಡೂ ಒಂದೇ ತೂಕದ ಚಂಡಮಾರುತಗಳಲ್ಲ, ಒಪ್ಪೋಣ. ಆದರೂ ಇಷ್ಟು ದೊಡ್ಡ ಅಂತರವನ್ನು ಗಾಳಿಯ ವೇಗವೊಂದೇ ವಿವರಿಸಲಾರದು.

ಜೀವ ಉಳಿಸುವುದು ಮೊದಲ ಮೆಟ್ಟಿಲು. ಬದುಕಿ ಉಳಿದವರು ಮರುದಿನ ಹಸುವನ್ನು ಅರ್ಧ ಬೆಲೆಗೆ ಮಾರದಂತೆ, ಮಕ್ಕಳ ಊಟ ಕತ್ತರಿಸದಂತೆ, ಬಡ್ಡಿ ಸಾಲಕ್ಕೆ ಕೈಯೊಡ್ಡದಂತೆ ನೋಡಿಕೊಳ್ಳುವುದು ಎರಡನೆಯದು. ಈ ಪುಟದ ಹೆಚ್ಚಿನ ಮಾತು ಆ ಎರಡನೆಯದರ ಬಗ್ಗೆ.

ಯಾವ ಅನಾಹುತ ಎಷ್ಟು ಮುಂಚೆ ಗೊತ್ತಾಗುತ್ತದೆ?

ಒಂದೊಂದಕ್ಕೆ ಒಂದೊಂದು ಗಡಿಯಾರ. ಬರ ತಿಂಗಳುಗಟ್ಟಲೆ ಮುಂಚೆ ಸುಳಿವು ಕೊಡುತ್ತದೆ. ಪೆಸಿಫಿಕ್ ಸಾಗರದ ನೀರು ಬಿಸಿಯಾಯಿತೇ ತಣ್ಣಗಾಯಿತೇ ಎಂಬುದರಿಂದ, ಅಂದರೆ ಎಲ್ ನಿನೊ, ಲಾ ನಿನಾ ನೋಡಿ, ಪೂರ್ವ ಆಫ್ರಿಕಾದ ಮುಂದಿನ ಮಳೆಗಾಲದ ಒಲವನ್ನು ಹೇಳಬಹುದು. ದೊಡ್ಡ ನದಿಯ ನೆರೆಗೆ ಒಂದು ವಾರದಿಂದ ಹತ್ತು ಹದಿನೈದು ದಿನ ಸಿಗುತ್ತದೆ, ಏಕೆಂದರೆ ಮೇಲ್ಭಾಗದಲ್ಲಿ ಬಿದ್ದ ನೀರು ಕೆಳಗಿಳಿಯಲು ಹೊತ್ತು ಬೇಕು. ಚಂಡಮಾರುತಕ್ಕೆ ನಂಬುವಂಥ ಅವಧಿ ಮೂರರಿಂದ ಐದು ದಿನ. ಬೆಟ್ಟದ ಹಳ್ಳದಲ್ಲಿ ದಿಢೀರ್ ಬರುವ ಪ್ರವಾಹಕ್ಕೆ ಕೆಲವೇ ಗಂಟೆ.

ಭೂಕಂಪಕ್ಕೆ ಸೊನ್ನೆ. ದಿನ, ಊರು ಹೇಳಿ ಭೂಕಂಪ ನುಡಿಯುವವರನ್ನು ನಂಬಬೇಡಿ. ಅಲ್ಲಿ ಅಂದಾಜು ಶುರುವಾಗುವುದು ನೆಲ ನಡುಗಿದ ಮರುಕ್ಷಣದಿಂದ: ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಪೇಜರ್ ಎಂಬ ವ್ಯವಸ್ಥೆ ಅರ್ಧ ಗಂಟೆಯ ಆಸುಪಾಸಿನಲ್ಲಿ, ಕಂಪನದ ತೀವ್ರತೆಗೆ ಆ ಪ್ರದೇಶದ ಜನಸಂಖ್ಯೆ ಮತ್ತು ಕಟ್ಟಡಗಳ ಗುಣಮಟ್ಟವನ್ನು ಕೂಡಿಸಿ ಸಾವುನೋವಿನ ಅಂದಾಜು ಕೊಡುತ್ತದೆ. ರಸ್ತೆ ಕಡಿದು ಫೋನ್ ಸತ್ತಿರುವಾಗ ಅಷ್ಟು ಸಿಕ್ಕರೂ ದೊಡ್ಡದು.

‘ಟ್ರಿಗರ್’ ಅನ್ನುತ್ತಾರಲ್ಲ, ಏನದು?

ಬಂದೂಕಿನ ಕುದುರೆ ಇದ್ದ ಹಾಗೆ. ಇಂಥ ಮುನ್ಸೂಚನೆ ಇಂಥ ಅಂಕಿ ದಾಟಿದರೆ ಇಷ್ಟು ಹಣ ಇಂಥವರಿಗೆ ಹೋಗಬೇಕು ಎಂದು ಬಿಸಿಲಿರುವಾಗಲೇ ಕೂತು ಬರೆದಿಟ್ಟ ಕರಾರು. ಈ ವಿಷಯದಲ್ಲಿ ನಾನು ಒಂದೇ ಮಾತು ಹೇಳಬೇಕೆಂದರೆ ಇದನ್ನೇ ಹೇಳುತ್ತೇನೆ: ಇಲ್ಲಿ ಕಷ್ಟದ ಭಾಗ ವಿಜ್ಞಾನವಲ್ಲ, ಈ ಕರಾರು. ಮೋಡ ಕಟ್ಟಿದ ಮೇಲೆ ಸಭೆ ಕರೆದರೆ ‘ಇನ್ನೊಂದು ದಿನ ಕಾದು ನೋಡೋಣ’ ಎನ್ನುವವರೊಬ್ಬರು ಇದ್ದೇ ಇರುತ್ತಾರೆ. ಆ ಸಭೆಯನ್ನೇ ಆರು ತಿಂಗಳು ಮುಂಚೆ ಮುಗಿಸಿಬಿಡುವುದು ಟ್ರಿಗರ್‌ನ ಉದ್ದೇಶ.

ಚೆನ್ನಾಗಿ ದಾಖಲಾದ ಒಂದು ಉದಾಹರಣೆ 2020ರ ಜುಲೈ ತಿಂಗಳದ್ದು, ಬಾಂಗ್ಲಾದೇಶದ ಜಮುನಾ ನದಿಯದು. ಯೋಜನೆಯಲ್ಲಿ ಎರಡು ಹಂತ ಇತ್ತು. ಐದು ವರ್ಷಕ್ಕೊಮ್ಮೆ ಬರುವಂಥ ನೆರೆ ಹತ್ತು ದಿನದೊಳಗೆ ಬರುವ ಸಾಧ್ಯತೆ ಶೇ 50 ದಾಟಿದೆ ಎಂದು ಗ್ಲೋಫಾಸ್ ಎಂಬ ಜಾಗತಿಕ ನೆರೆ ಮಾದರಿ ಹೇಳಿದರೆ ತಯಾರಿಗೆ ಹಸಿರು ನಿಶಾನೆ: ಪಟ್ಟಿ ತೆಗೆ, ಲಾರಿ ಗೊತ್ತುಮಾಡು, ಮೇವಿಗೆ ಆರ್ಡರ್ ಹಾಕು. ಬಳಿಕ ನೀರು ಅಪಾಯ ಮಟ್ಟಕ್ಕಿಂತ 0.85 ಮೀಟರ್ ಮೇಲೇರುತ್ತದೆ ಎಂದು ದೇಶದ್ದೇ ನೆರೆ ಮುನ್ಸೂಚನಾ ಕೇಂದ್ರ ಐದು ದಿನ ಮುಂಚೆ ಹೇಳಿದರೆ ಹಂಚಿಕೆ ಶುರು. ಜುಲೈ 4ರಂದು ಮೊದಲ ಅಂಕಿ ದಾಟಿತು. ವಿಶ್ವಸಂಸ್ಥೆಯ ಕೇಂದ್ರ ತುರ್ತು ನಿಧಿ 52 ಲಕ್ಷ ಡಾಲರ್ ಬಿಡುಗಡೆ ಮಾಡಿತು. ನೀರು ಉಕ್ಕುವ ಮುಂಚೆಯೇ ಕುಟುಂಬಗಳ ಮೊಬೈಲ್ ಖಾತೆಗೆ ತಲಾ 4,500 ಟಾಕಾ ಬಿತ್ತು. ಜೊತೆಗೆ ದನಕ್ಕೆ ಮೇವು, ಕಾಳುಕಡಿ ನೆನೆಯದಂತೆ ಮುಚ್ಚಿಡಲು ಡ್ರಮ್, ಹೆಂಗಸರಿಗೆ ಶುಚಿತ್ವದ ಸಾಮಾನು. ಒಟ್ಟು 2 ಲಕ್ಷಕ್ಕೂ ಹೆಚ್ಚು ಜನರಿಗೆ ನೆರವು ಮುಟ್ಟಿತು.

ಆಮೇಲೆ ಲೆಕ್ಕ ನೋಡಿದರು. ಹಣ ಸಿಕ್ಕ ಮನೆಗಳಲ್ಲಿ, ನೆರೆಯ ದಿನಗಳಲ್ಲಿ ಒಂದಿಡೀ ದಿನ ಉಪವಾಸ ಬೀಳುವ ಸಾಧ್ಯತೆ ಶೇ 36ರಷ್ಟು ಕಡಿಮೆ ಇತ್ತು. ಮೂರು ತಿಂಗಳ ನಂತರವೂ ಅವರ ಊಟ ಇತರರಿಗಿಂತ ಚೆನ್ನಾಗಿತ್ತು. ಹಣ ಒಂದು ದಿನ ಮುಂಚೆ ಸಿಕ್ಕವರಿಗೂ ಒಂದು ದಿನ ತಡವಾಗಿ ಸಿಕ್ಕವರಿಗೂ ಕೂಡ ವ್ಯತ್ಯಾಸ ಕಂಡಿತು. 4,500 ಟಾಕಾ ಅಂದರೆ ಆಗ ಸುಮಾರು 53 ಡಾಲರ್, ದೊಡ್ಡ ಮೊತ್ತವೇನಲ್ಲ. ಸಿಕ್ಕ ಹೊತ್ತು ದೊಡ್ಡದು.

ಮುನ್ಸೂಚನೆ ಸುಳ್ಳಾದರೆ ದುಡ್ಡೆಲ್ಲ ನೀರುಪಾಲಲ್ಲವೇ?

ನೆರೆಯೇ ಬಾರದಿದ್ದರೆ ನೀರುಪಾಲು ಎನ್ನುವುದು ಹೇಗೆ ಎಂದು ತಮಾಷೆ ಮಾಡಬಹುದು, ಆದರೆ ಪ್ರಶ್ನೆ ನ್ಯಾಯವಾದದ್ದು. ಶೇ 60 ಸಾಧ್ಯತೆ ಎಂದರೆ ಹತ್ತರಲ್ಲಿ ನಾಲ್ಕು ಸಲ ಏನೂ ಆಗುವುದಿಲ್ಲ ಎಂದೇ ಅರ್ಥ. ಆ ನಾಲ್ಕು ಸಲ ಮುನ್ಸೂಚನೆ ‘ತಪ್ಪಲಿಲ್ಲ’. ಅದು ಹೇಳಿದ್ದೇ ಅಷ್ಟು.

ಲೆಕ್ಕ ಹೀಗೆ ಮಾಡುತ್ತಾರೆ. ಮುಂಚಿತ ಕೆಲಸಕ್ಕೆ ಒಂದು ಪಾಲು ಖರ್ಚು, ಅದರಿಂದ ತಪ್ಪುವ ನಷ್ಟ ನಾಲ್ಕು ಪಾಲು ಅಂತಿಟ್ಟುಕೊಳ್ಳಿ. ಸಾಧ್ಯತೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಕೆಲಸ ಮಾಡುವುದೇ ಲಾಭ. ಹತ್ತು ಸಲ ಕೈಹಾಕಿ ಐದು ಸಲ ಮಾತ್ರ ನೆರೆ ಬಂದರೂ ಹತ್ತು ಪಾಲು ಹೋಗಿ ಇಪ್ಪತ್ತು ಪಾಲು ಉಳಿಯಿತು. ಕಷ್ಟ ಏನೆಂದರೆ ಉಳಿದ ಇಪ್ಪತ್ತು ಕಣ್ಣಿಗೆ ಕಾಣುವುದಿಲ್ಲ, ದಂಡವಾದ ಐದು ಆಡಿಟ್ ವರದಿಯಲ್ಲಿ ಕಾಣುತ್ತದೆ.

ಇನ್ನೊಂದು ಮಾತು: ಎಲ್ಲ ಕೆಲಸವೂ ಒಂದೇ ಥರ ದಂಡವಾಗುವುದಿಲ್ಲ. 2015ರಲ್ಲಿ ಉಗಾಂಡ ರೆಡ್‌ಕ್ರಾಸ್ ಬರೀ ಮುನ್ಸೂಚನೆಯ ಬಲದ ಮೇಲೆ ಈಶಾನ್ಯ ಭಾಗದ ಹಳ್ಳಿಗಳಿಗೆ ನೀರಿನ ಕ್ಯಾನು, ಸೋಪು, ನೀರು ಶುದ್ಧಿ ಮಾಡುವ ಮಾತ್ರೆ ಹಂಚಿತು. ಮೊದಲೇ ಬರೆದಿಟ್ಟ ಅಂಕಿ ದಾಟಿದ್ದರಿಂದ ತಾನಾಗಿ ಶುರುವಾದ ಮೊದಲ ಮಾನವೀಯ ನೆರವು ಎಂದು ಅದನ್ನು ಗುರುತಿಸುತ್ತಾರೆ. ನೆರೆ ಬರಲಿ ಬಿಡಲಿ, ಸೋಪು ಹಾಳಾಗುವುದಿಲ್ಲ. ಬಡವರ ಕೈಗೆ ಬಿದ್ದ ಹಣವೂ ಅಷ್ಟೆ, ಅದಕ್ಕೆ ಖರ್ಚಿನ ದಾರಿ ಕಾದೇ ಇರುತ್ತದೆ. ಜನರನ್ನು ಮನೆ ಬಿಡಿಸಿ ಕರೆದೊಯ್ಯುವುದು ಮಾತ್ರ ಬೇರೆಯದು. ಎರಡು ಸಲ ಸುಮ್ಮನೆ ಎಬ್ಬಿಸಿ ಶಿಬಿರದಲ್ಲಿ ಕೂರಿಸಿದರೆ ಮೂರನೇ ಸಲ ‘ತೋಳ ಬಂತು ತೋಳ’ ಕಥೆಯೇ. ಆದ್ದರಿಂದ ಅನುಮಾನ ಹೆಚ್ಚಿರುವಾಗ ಅಗ್ಗದ, ಹಾಳಾಗದ ಕೆಲಸ. ಖಚಿತವಾಗುತ್ತ ಬಂದಂತೆ ದುಬಾರಿ ಕೆಲಸ. ಆ ಅನುಕ್ರಮ ಯೋಜನೆಯಲ್ಲೇ ಬರೆದಿರಬೇಕು.

ಎಷ್ಟು ಜನರಿಗೆ ಬೇಕಾದೀತು ಎಂಬ ಅಂಕಿ ಎಲ್ಲಿಂದ ಬರುತ್ತದೆ?

ಜನಗಣತಿ, ಉಪಗ್ರಹ ಚಿತ್ರದಲ್ಲಿ ಕಾಣುವ ಮನೆಗಳು, ಹಳೆಯ ಅನಾಹುತಗಳ ಹಾನಿ ದಾಖಲೆ, ಮನೆ ಗೋಡೆ ಯಾವುದರದು ಎಂಬ ಸಮೀಕ್ಷೆ: ಹೀಗೆ ಹತ್ತಾರು ಮೂಲ. ಫಿಲಿಪ್ಪೀನ್ಸ್‌ನಲ್ಲಿ ಹಳೆಯ ಚಂಡಮಾರುತಗಳ ಹಾನಿಯನ್ನು ಕಂಪ್ಯೂಟರ್ ಮಾದರಿಗೆ ಕಲಿಸಿ, ಬರುವ ಗಾಳಿಗೆ ಯಾವ ಪುರಸಭೆಯಲ್ಲಿ ಎಷ್ಟು ಮನೆ ಬಿದ್ದೀತು ಎಂದು ರೆಡ್‌ಕ್ರಾಸ್ ಲೆಕ್ಕ ಹಾಕುತ್ತದೆ. ಗಾಳಿ ಬಡಿಯುವ 72 ಗಂಟೆ ಮುಂಚೆ, ಕನಿಷ್ಠ ಮೂರು ಪುರಸಭೆಗಳಲ್ಲಿ ಶೇ 10 ಮನೆಗಳು ಪೂರ್ತಿ ನೆಲಕಚ್ಚುತ್ತವೆ ಎಂದು ಬಂದರೆ ಅದೇ ಟ್ರಿಗರ್.

ಆದರೆ ಮಾದರಿ ಸಂಖ್ಯೆ ಕೊಡುತ್ತದೆ, ಹೆಸರು ಕೊಡುವುದಿಲ್ಲ. ಹೆಸರು ಬರುವುದು ಪಟ್ಟಿಯಿಂದ. ಎಲ್ಲ ಯೋಜನೆಗಳೂ ಎಡವುವ ಜಾಗ ಅದು. ಫೋನ್ ನಂಬರ್ ಬದಲಾಗಿರುತ್ತದೆ, ನಂಬರ್ ಮನೆಯ ಗಂಡಸಿನದಾಗಿದ್ದು ಆತ ದುಡಿಯಲು ಬೇರೆ ಊರಿಗೆ ಹೋಗಿರುತ್ತಾನೆ, ಹೆಸರಿನ ಕಾಗುಣಿತ ಬ್ಯಾಂಕಿನಲ್ಲಿ ಒಂದು, ಗುರುತಿನ ಚೀಟಿಯಲ್ಲಿ ಇನ್ನೊಂದು. ನದಿ ನಡುಗಡ್ಡೆಯಲ್ಲಿ ಗುಡಿಸಲು ಹಾಕಿಕೊಂಡವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಮೊದಲು ಮುಳುಗುವವರು ಅವರೇ.

ಪಟ್ಟಿಗೆ ಇನ್ನೊಂದು ಮುಖವೂ ಇದೆ. ಯಾರು ಬಡವರು, ಯಾರು ಒಂಟಿ ಹೆಂಗಸರು, ಯಾವ ಪಂಗಡದವರು ಎಲ್ಲಿದ್ದಾರೆ ಎಂಬ ವಿವರ ಗಲಭೆಯ ನಾಡಿನಲ್ಲಿ ತಪ್ಪು ಕೈಗೆ ಸಿಕ್ಕರೆ ಅದೇ ಬೇಟೆಯ ಪಟ್ಟಿ. ಬೇಕಾದಷ್ಟೇ ಸಂಗ್ರಹಿಸಿ, ಬೀಗ ಹಾಕಿಡಿ, ಕೆಲಸ ಮುಗಿದ ಮೇಲೆ ಅಳಿಸಿ.

ಹಣ ಕೊಡುವುದು ಒಳ್ಳೆಯದೋ, ಸಾಮಾನೋ?

ಅಂಗಡಿ ತೆರೆದಿದ್ದು ಸರಕು ಸಿಗುವಂತಿದ್ದರೆ ಹಣ. ಅವರ ಮನೆಗೆ ಏನು ಬೇಕೆಂದು ಅವರಿಗೆ ಗೊತ್ತು. ಸರಕೇ ಇಲ್ಲದ ಕಡೆ ಹಣ ಕೊಟ್ಟರೆ ಬೆಲೆ ಏರುತ್ತದೆ ಅಷ್ಟೆ.

ಮಂಗೋಲಿಯ ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ‘ಜುದ್’ ಎನ್ನುತ್ತಾರೆ: ಬೇಸಿಗೆಯಲ್ಲಿ ಹುಲ್ಲು ಬೆಳೆಯದೆ, ಚಳಿಗಾಲದಲ್ಲಿ ಹಿಮ ಗಡ್ಡೆಕಟ್ಟಿ, ಕುರಿ ಕುದುರೆಗಳು ನಿಂತಲ್ಲೇ ಸಾಯುವ ಅನಾಹುತ. 2009-10ರ ಜುದ್‌ನಲ್ಲಿ ಸುಮಾರು ಒಂದು ಕೋಟಿ ಜಾನುವಾರು ಸತ್ತವು. ನೆರೆಯ ಹಾಗೆ ಇದು ಒಂದು ರಾತ್ರಿಯಲ್ಲಿ ಬರುವುದಿಲ್ಲ. ಬೇಸಿಗೆಯ ಹುಲ್ಲುಗಾವಲಿನ ಸ್ಥಿತಿ ನೋಡಿದಾಗಲೇ ಚಳಿಗಾಲದ ನಕ್ಷೆ ತಯಾರಿಸಬಹುದು. ಈಗ ಅಪಾಯದ ಜಿಲ್ಲೆಗಳ ಕುರುಬರಿಗೆ ಹಣದ ಜೊತೆ ಜಾನುವಾರು ಆರೈಕೆಯ ಸಾಮಾನೂ ಮುಂಚಿತವಾಗಿ ಹೋಗುತ್ತದೆ. ಹಿಂಡು ಸತ್ತ ಮೇಲೆ ಎಷ್ಟು ಹಣ ಕೊಟ್ಟರೂ ಹಿಂಡು ಕಟ್ಟಲು ವರ್ಷಗಳೇ ಬೇಕು.

ಕ್ಷಾಮವನ್ನು ಮುಂಚಿತವಾಗಿ ಹೇಳಬಹುದಾದರೆ ಜನ ಹಸಿವಿನಿಂದ ಸಾಯುವುದೇಕೆ?

ಹೇಳಿದ್ದನ್ನು ಕೇಳಿಸಿಕೊಳ್ಳದ ಕಾರಣಕ್ಕೆ. 1985ರಲ್ಲಿ ಶುರುವಾದ ಕ್ಷಾಮ ಮುನ್ನೆಚ್ಚರಿಕೆ ಜಾಲ ಫ್ಯೂಸ್‌ನೆಟ್, ಸೊಮಾಲಿಯಾದ ಮುಂದಿನ ಮಳೆ ಕೈಕೊಡುವ ಸೂಚನೆಯನ್ನು 2010ರ ಆಗಸ್ಟ್‌ನಲ್ಲೇ ಕೊಟ್ಟಿತ್ತು. 2011ರ ವಸಂತದಲ್ಲಿ ಕ್ಷಾಮ ಎಂಬ ಪದವನ್ನೇ ಬಳಸಿ ಮತ್ತೆ ಎಚ್ಚರಿಸಿತು. ವಿಶ್ವಸಂಸ್ಥೆ ಕ್ಷಾಮ ಘೋಷಿಸಿದ್ದು ಜುಲೈ 20ಕ್ಕೆ. ದೊಡ್ಡ ಹಣ ಹರಿದದ್ದು ಅದರ ನಂತರ. ಆ ಕ್ಷಾಮದಲ್ಲಿ ಸುಮಾರು 2.58 ಲಕ್ಷ ಜನ ಸತ್ತರೆಂದು ಆಮೇಲೆ ಅಂದಾಜಾಯಿತು. ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ಸತ್ತವರಲ್ಲಿ ಬಹಳ ಜನ ಘೋಷಣೆಯ ದಿನಕ್ಕೆ ಮುಂಚೆಯೇ ಮಣ್ಣಾಗಿದ್ದರು.

ಏಕೆಂದರೆ ಕ್ಷಾಮದ ಘೋಷಣೆ ಮುನ್ಸೂಚನೆಯೇ ಅಲ್ಲ, ಅದು ಹೆಚ್ಚುಕಡಿಮೆ ಮರಣೋತ್ತರ ವರದಿ. ಆಹಾರ ಭದ್ರತೆಯನ್ನು ಐದು ಹಂತಗಳಲ್ಲಿ ಅಳೆಯುವ ಐಪಿಸಿ ಮಾನದಂಡದಲ್ಲಿ ಕ್ಷಾಮ ಎನ್ನಬೇಕಾದರೆ ಐದರಲ್ಲಿ ಒಂದು ಮನೆಗೆ ಊಟವೇ ಇಲ್ಲದ ಸ್ಥಿತಿ ಇರಬೇಕು, ಶೇ 30 ಮಕ್ಕಳು ತೀವ್ರ ಅಪೌಷ್ಟಿಕತೆಗೆ ಬಿದ್ದಿರಬೇಕು, ದಿನಕ್ಕೆ ಪ್ರತಿ 10,000 ಜನರಲ್ಲಿ ಇಬ್ಬರು ಸಾಯುತ್ತಿರಬೇಕು. ಅದನ್ನು ಕಾಯುತ್ತ ಕೂತರೆ ಅಷ್ಟು ಜನ ಸಾಯಲಿ ಎಂದು ಕಾಯುತ್ತ ಕೂತಂತೆ. 2017ರಲ್ಲಿ ಸೊಮಾಲಿಯಾಕ್ಕೆ ಅದೇ ಗಂಡಾಂತರ ಮತ್ತೆ ಬಂದಾಗ ಹಣ ಬೇಗ ಬಂತು, ಕ್ಷಾಮ ತಪ್ಪಿತು. 2022ರಲ್ಲೂ ಘೋಷಣೆಯಾಗಲಿಲ್ಲ, ಆದರೂ ಆ ಒಂದು ವರ್ಷದಲ್ಲಿ ಬರದಿಂದ ಸುಮಾರು 43,000 ಹೆಚ್ಚುವರಿ ಸಾವು ಸಂಭವಿಸಿತೆಂಬ ಅಂದಾಜಿದೆ. ‘ಕ್ಷಾಮ ತಪ್ಪಿತು’ ಎಂಬ ತಲೆಬರಹ ಓದುವಾಗ ಇದು ನೆನಪಿರಲಿ.

2011ರಲ್ಲಿ ಹವಾಮಾನದಾಚೆಯ ಕಾರಣಗಳೂ ಇದ್ದವು. ಶಸ್ತ್ರಧಾರಿ ಗುಂಪಿನ ಹಿಡಿತದ ಪ್ರದೇಶಕ್ಕೆ ನೆರವು ಒಯ್ಯುವಂತಿರಲಿಲ್ಲ. ಒಯ್ದರೆ ಭಯೋತ್ಪಾದನೆ ನಿಗ್ರಹ ಕಾನೂನಿಗೆ ಸಿಕ್ಕಿಬೀಳುವ ಭಯ ಸಂಸ್ಥೆಗಳಿಗೆ. ಇಂಥದ್ದನ್ನು ಯಾವ ಉಪಗ್ರಹವೂ ಸರಿಮಾಡುವುದಿಲ್ಲ.

ಎಚ್ಚರಿಕೆ ಕೊಟ್ಟರೂ ಜನ ಕದಲುವುದಿಲ್ಲವಲ್ಲ?

ಜನರನ್ನು ದೂರುವ ಮುಂಚೆ ಕೊಲಂಬಿಯಾದ ಆರ್ಮೆರೊ ಪಟ್ಟಣದ ಕಥೆ ಕೇಳಿ. ನೆವಾಡೊ ಡೆಲ್ ರೂಯಿಸ್ ಜ್ವಾಲಾಮುಖಿ ಸಿಡಿದರೆ ಕೆಸರಿನ ಪ್ರವಾಹ ಎಲ್ಲಿ ಹರಿಯುತ್ತದೆ ಎಂಬ ನಕ್ಷೆ 1985ರ ಅಕ್ಟೋಬರ್‌ನಲ್ಲೇ ಸಿದ್ಧವಾಗಿತ್ತು. ಆರ್ಮೆರೊ ಆ ನಕ್ಷೆಯ ಅಪಾಯ ವಲಯದೊಳಗಿತ್ತು. ನವೆಂಬರ್ 13ರಂದು ಊರ ಮೇಲೆ ಬೂದಿ ಬಿದ್ದಾಗ ಗಾಬರಿಯಾಗಬೇಡಿ, ಮನೆಯೊಳಗೇ ಇರಿ ಎಂಬ ಸಂದೇಶ ಹೋಯಿತು. ರಾತ್ರಿ ಒಂಬತ್ತರ ಹೊತ್ತಿಗೆ ಬೆಟ್ಟ ಸಿಡಿಯಿತು. ಕೆಸರು ಊರು ತಲುಪಲು ಇನ್ನೂ ಎರಡು ಗಂಟೆಗಿಂತ ಹೆಚ್ಚು ಹೊತ್ತಿತ್ತು. ಆ ರಾತ್ರಿ ಒಟ್ಟು ಸುಮಾರು 23,000 ಜನ ಸತ್ತರು. ಕದಲಬೇಕು ಎಂದು ಖಚಿತವಾಗಿ ಹೇಳುವ ಹೊಣೆ ಯಾರದೆಂದು ಮೊದಲೇ ತೀರ್ಮಾನವಾಗಿರಲಿಲ್ಲ.

ಆ ದುರಂತದ ನಂತರ ಅಮೆರಿಕ ಬೇರೆ ದೇಶಗಳಿಗೂ ನೆರವಾಗುವ ಒಂದು ಜ್ವಾಲಾಮುಖಿ ತಂಡ ಕಟ್ಟಿತು. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಗುಡುಗಲು ಶುರುವಾದಾಗ ಅದೇ ತಂಡ, ಅಲ್ಲಿನ ವಿಜ್ಞಾನಿಗಳ ಜೊತೆ ಸೇರಿ, ಯಾವ ಹಂತಕ್ಕೆ ಎಷ್ಟು ದೂರದವರು ಹೊರಡಬೇಕು ಎಂದು ಮೊದಲೇ ಹಂತ ನಿಗದಿ ಮಾಡಿತು. ಜೂನ್ 15ರ ಮಹಾಸ್ಫೋಟದ ಹೊತ್ತಿಗೆ ಸಾವಿರಾರು ಜನ ಹೊರಬಂದಾಗಿತ್ತು.

ಯುದ್ಧ, ವಲಸೆಯನ್ನೂ ಊಹಿಸಬಹುದೇ?

ಒಂದು ಮಟ್ಟಿಗೆ. ಸ್ವೀಡನ್‌ನ ಉಪ್ಸಾಲಾದಲ್ಲಿ ಶುರುವಾದ ವ್ಯೂಸ್ ಎಂಬ ವ್ಯವಸ್ಥೆ ಸಂಘರ್ಷದ ಅಂದಾಜನ್ನು ಪ್ರತಿ ತಿಂಗಳೂ ಪ್ರಕಟಿಸುತ್ತದೆ. ಡೆನ್ಮಾರ್ಕಿನ ನಿರಾಶ್ರಿತರ ಮಂಡಳಿ ಸ್ಥಳಾಂತರದ ಅಂದಾಜು ಮಾಡುತ್ತದೆ. ನಡೆಯುತ್ತಿರುವ ಹಿಂಸೆ ಮುಂದುವರಿಯುತ್ತದೆ ಎಂದು ಇವು ಚೆನ್ನಾಗಿ ಹೇಳುತ್ತವೆ. ಶಾಂತವಾಗಿದ್ದ ಕಡೆ ಮೊದಲ ಕಿಡಿ ಯಾವಾಗ ಎಂದು ಹೇಳುವಲ್ಲಿ ಎಲ್ಲರೂ ಸೋಲುತ್ತಾರೆ. ಮೋಡಕ್ಕೆ ಮುನ್ಸೂಚನೆ ಓದಲು ಬರುವುದಿಲ್ಲ, ಸೇನಾಧಿಪತಿಗೆ ಬರುತ್ತದೆ. ಓದಿ ಮನಸ್ಸು ಬದಲಾಯಿಸಲೂಬಹುದು. ಜನ ಯಾವ ಗಡಿಯತ್ತ ಓಡುತ್ತಾರೆ ಎಂಬ ಅಂದಾಜು ಆ ಗಡಿಯನ್ನು ಮುಚ್ಚುವವರ ಕೈಗೂ ಸಿಗಬಹುದು. ಹಾಗಾಗಿ ಇಂಥ ಅಂಕಿಗಳನ್ನು ಎಲ್ಲರ ಮುಂದೆ ಹರಡುವ ಮುನ್ನ ಎರಡು ಸಲ ಯೋಚಿಸಬೇಕೆಂದು ನನ್ನ ಅಭಿಪ್ರಾಯ.

ಕೃತಕ ಬುದ್ಧಿಮತ್ತೆ ಬಂದಮೇಲೆ ಇದೆಲ್ಲ ಸುಲಭವಾಯಿತೇ?

ಲೆಕ್ಕ ವೇಗವಾಯಿತು. ದಾಖಲೆಯೇ ಇಲ್ಲದ ಹಳ್ಳಿಗೆ ಅದರಿಂದ ದಾಖಲೆ ಹುಟ್ಟುವುದಿಲ್ಲ.

ಇದಕ್ಕೆ ಹಣ ಕೊಡುವವರು ಯಾರು?

ವಿಶ್ವಸಂಸ್ಥೆಯ ಕೇಂದ್ರ ತುರ್ತು ನಿಧಿಯ ಹೆಸರು ಮೇಲೆ ಬಂತು. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಒಕ್ಕೂಟ 1985ರಿಂದ ನಡೆಸುತ್ತಿರುವ ವಿಪತ್ತು ನಿಧಿಯಲ್ಲಿ 2018ರಿಂದ ಮುನ್ಸೂಚನೆ ಆಧಾರಿತ ಕೆಲಸಕ್ಕೆಂದೇ ಪಾಲು ಇದೆ. ಆದರೂ ಜಗತ್ತಿನ ಒಟ್ಟು ಮಾನವೀಯ ನೆರವಿನ ಹಣದಲ್ಲಿ ಅನಾಹುತಕ್ಕೆ ಮುಂಚೆಯೇ ಹೀಗೆ ಕರಾರಿನ ಪ್ರಕಾರ ಖರ್ಚಾಗುವುದು ಶೇ 1ಕ್ಕಿಂತ ಕಡಿಮೆ.

ಮುನ್ಸೂಚನೆಗೂ ಹಣ ಬೇಕು ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಅಮೆರಿಕ ಸರ್ಕಾರದ ಹಣದಲ್ಲಿ ನಡೆಯುತ್ತಿದ್ದ ಫ್ಯೂಸ್‌ನೆಟ್, ಆ ದೇಶ ವಿದೇಶಿ ನೆರವನ್ನು ತಡೆಹಿಡಿದಾಗ 2025ರ ಜನವರಿಯಲ್ಲಿ ನಿಂತೇಹೋಯಿತು. ಕೆಲವು ತಿಂಗಳ ಬಳಿಕ ಕೆಲಸ ಮತ್ತೆ ಶುರುವಾಯಿತು. ನಡುವಿನ ತಿಂಗಳುಗಳಲ್ಲಿ ಹಸಿವೇನೂ ರಜೆ ಹಾಕಿರಲಿಲ್ಲ. ಒಂದೇ ಜೇಬಿನ ಮೇಲೆ ಇಡೀ ಜಗತ್ತಿನ ಕ್ಷಾಮದ ಗಂಟೆಯನ್ನು ನೇತುಹಾಕಿದ್ದು ಎಂಥ ಅವಿವೇಕ ಎಂದು ಆಗ ಗೊತ್ತಾಯಿತು.

2027ರೊಳಗೆ ಎಲ್ಲರಿಗೂ ಮುನ್ನೆಚ್ಚರಿಕೆ ಎಂಬ ಗುರಿ ಇದೆಯಂತಲ್ಲ?

ಹೌದು, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಂಟೋನಿಯೊ ಗುಟೆರಸ್ 2022ರ ಮಾರ್ಚ್‌ನಲ್ಲಿ ಘೋಷಿಸಿದ್ದು. ಗುರಿ ಒಳ್ಳೆಯದೇ. ಎಚ್ಚರಿಕೆಯ ಸಂದೇಶ ಫೋನಿಗೆ ಬಂದರೆ ಸಾಲದು, ಬಂದಾಗ ಏನು ಮಾಡಬೇಕೆಂಬುದೂ ಅದನ್ನು ಮಾಡುವ ಚೈತನ್ಯವೂ ಕೈಯಲ್ಲಿರಬೇಕು ಎಂಬ ಒಂದೇ ತಕರಾರು ನನ್ನದು.

ನಮ್ಮದು ಸಣ್ಣ ಸಂಸ್ಥೆ. ಎಲ್ಲಿಂದ ಶುರು ಮಾಡೋಣ?

ಮಾದರಿ ಕಟ್ಟಲು ಹೋಗಬೇಡಿ. ಮುನ್ಸೂಚನೆ ಕೊಡುವವರು ಸಾಕಷ್ಟಿದ್ದಾರೆ. ಒಂದೇ ಒಂದು ಅನಾಹುತ ಆರಿಸಿ, ಪದೇ ಪದೇ ಬರುವಂಥದ್ದು. ಕಳೆದ ಮೂರು ಸಲ ಅದು ಬಂದಾಗ ಜನರಿಗೆ ಮೊದಲ ದಿನ ಏನು ಕೊರತೆಯಾಯಿತು, ಹತ್ತನೇ ದಿನ ಏನು ಕೊರತೆಯಾಯಿತು ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ. ಅವುಗಳಲ್ಲಿ ಮುಂಚಿತವಾಗಿ ಕೊಡಲು ಸಾಧ್ಯವಿದ್ದದ್ದು ಯಾವುದು ಎಂದು ಗುರುತು ಹಾಕಿ. ಎರಡು ಮೂರು ಸಾಲು ಉಳಿದರೂ ಸಾಕು. ಯಾವ ಅಂಕಿಗೆ ಕೆಲಸ ಶುರು, ಸಹಿ ಹಾಕುವವರು ಯಾರು, ಅವರು ರಜೆಯಲ್ಲಿದ್ದರೆ ಯಾರು, ಹಣ ಯಾವ ಖಾತೆಯಲ್ಲಿದೆ: ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆಯಿರಿ.

ಆಮೇಲೆ ನಿಮ್ಮ ಫಲಾನುಭವಿಗಳ ಪಟ್ಟಿಯಿಂದ ಯಾವುದಾದರೂ ಇಪ್ಪತ್ತು ನಂಬರಿಗೆ ಇವತ್ತೇ ಫೋನ್ ಮಾಡಿ. ಎಷ್ಟು ಜನ ಎತ್ತಿದರು, ಎತ್ತಿದವರಲ್ಲಿ ಎಷ್ಟು ಜನ ನೀವು ಅಂದುಕೊಂಡವರೇ ಆಗಿದ್ದರು ಎಂದು ಆ ಹಾಳೆಯ ಕೆಳಗೆ ಬರೆದಿಡಿ.